ಮನೆಮಾತು: ಅಚ್ಚಿಗೆ ಹೋಗುವ ಚಿತ್ರ



ಮದುವೆ, ಉಪನಯನ, ಷಷ್ಟ್ಯಬ್ದಿ, ಅಗಲಿದ ಹಿರಿಯರ ಸ್ಮರಣೆ, ಹೀಗೆ ಕೊಚ್ಚಿಯಿಂದಲೂ ತಿರುವನಂತಪುರದಿಂದಲೂ ನಮಗೆ ಚಿತ್ರಗಳು ಬರುತ್ತಿರುತ್ತವೆ. ಬಹುಪಾಲು ವಾಟ್ಸಾಪಿನ ದಾರಿ ಹಿಡಿದು ಬರುವಂಥವು. ಫೋನಿನ ಪುಟ್ಟ ಗಾಜಿನ ಮೇಲೆ ಅಜ್ಜಿಯ ಮುಖ ತಿಳಿಯಾಗಿ ಕಾಣುತ್ತದೆ. ಕಾಗದಕ್ಕೆ ಇಳಿದಾಗ ಅದೇ ಮುಖ ಮಂಜು ಮುಸುಕಿದಂತಿರುತ್ತದೆ. ಮುದ್ರಕರನ್ನು ದೂರಿ ಫಲವಿಲ್ಲ. ಕಾರಣವನ್ನು ಈ ಸಲ ನಾಲ್ಕು ಮಾತಿನಲ್ಲಿ ಹೇಳುತ್ತೇವೆ.

ಡಿಜಿಟಲ್ ಚಿತ್ರವೆಂದರೆ ಬಣ್ಣದ ಚುಕ್ಕೆಗಳ ಸಾಲು. ಒಳ್ಳೆಯ ಅಚ್ಚಿಗೆ ಅಂಗುಲವೊಂದಕ್ಕೆ ಸುಮಾರು 300 ಚುಕ್ಕೆ ಬೇಕು. 6 ಅಂಗುಲ ಅಗಲ, 4 ಅಂಗುಲ ಎತ್ತರದ ಚಿತ್ರಕ್ಕೆ 1800 ಚುಕ್ಕೆ ಅಗಲ, 1200 ಚುಕ್ಕೆ ಎತ್ತರ ಬೇಕಾಯಿತು. 600 ಚುಕ್ಕೆ ಅಗಲದ ಚಿತ್ರ 2 ಅಂಗುಲಕ್ಕೆ ಸಾಕು. ಹಿಗ್ಗಿಸಿದರೆ ಇಲ್ಲದ ವಿವರ ಹುಟ್ಟಲಾರದು.

ಇನ್ನು ಕಡತದ ಬಗೆ. 1992ರಲ್ಲಿ ರೂಪುಗೊಂಡ ಜೆಪೆಗ್, ಕಣ್ಣಿಗೆ ಅಷ್ಟಾಗಿ ಕಾಣದ ವಿವರವನ್ನು ಕೈಬಿಟ್ಟು ಚಿತ್ರವನ್ನು ಹಗುರ ಮಾಡುತ್ತದೆ. ಒಮ್ಮೆಗಾದರೆ ಚಿಂತೆಯಿಲ್ಲ, ತಿದ್ದಿ ಉಳಿಸಿ, ಮತ್ತೆ ತಿದ್ದಿ ಉಳಿಸಿದಂತೆಲ್ಲ ಚಿತ್ರ ಸವೆಯುತ್ತದೆ. ವಾಟ್ಸಾಪಾದರೋ ಚುಕ್ಕೆಗಳನ್ನೂ ಕಡಿಮೆ ಮಾಡಿಯೇ ದಾಟಿಸುವುದು. ಟಿಫ್ ಕಡತ ಸಾಮಾನ್ಯವಾಗಿ ಏನನ್ನೂ ಬಿಡುವುದಿಲ್ಲ, ಆದ್ದರಿಂದ ಭಾರ ಹೆಚ್ಚು. ಗೋಡೆಯ ಹಳೆಯ ಭಾವಚಿತ್ರವನ್ನು ಅಂಗುಲಕ್ಕೆ 600 ಚುಕ್ಕೆಯಂತೆ ಸ್ಕ್ಯಾನ್ ಮಾಡಿಸಿ ಟಿಫ್ ಆಗಿ ಕಾದಿರಿಸಿ, ಕಳುಹಿಸಲು ಅದರಿಂದ ಜೆಪೆಗ್ ನಕಲು ತೆಗೆಯುವುದು ಲೇಸು. ಸಂಘದ ಲಾಂಛನದಂಥ ಗೆರೆಚಿತ್ರಕ್ಕೆ ಎಸ್‌ವಿಜಿ ತಕ್ಕದ್ದು. ಅದರಲ್ಲಿ ಚುಕ್ಕೆಯ ಬದಲು ಗೆರೆಯ ಲೆಕ್ಕವಿರುವುದರಿಂದ ಲೆಟರ್‌ಹೆಡ್ಡಿಗೂ ಸರಿ, ವೇದಿಕೆಯ ಬ್ಯಾನರಿಗೂ ಸರಿ.

ಕೇರಳದಲ್ಲಿ ನಮಗೆ ಇನ್ನೊಂದು ತೊಡಕುಂಟು. ಇಲ್ಲಿಯ ಅಚ್ಚುಕೂಟದವರು ಮಲಯಾಳದಲ್ಲಿ ಪಳಗಿದವರು. ಕನ್ನಡದ ಆಮಂತ್ರಣವನ್ನು ವರ್ಡ್ ಕಡತದಲ್ಲಿ ಕೊಟ್ಟರೆ, ಅವರ ಯಂತ್ರದಲ್ಲಿ ನಮ್ಮ ಫಾಂಟು ಇಲ್ಲದೆ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗಬಹುದು. ಕನ್ನಡ ಓದಲು ಬಾರದವರಿಗೆ ಆ ತಪ್ಪು ಕಾಣದು. ಫಾಂಟನ್ನು ಒಳಗೇ ಸೇರಿಸಿದ ಪಿಡಿಎಫ್ ಕೊಡತಕ್ಕದ್ದು. ಕರಡನ್ನು ಮನೆಯ ಹಿರಿಯರೊಬ್ಬರಿಂದ ಓದಿಸಿಯೇ ಒಪ್ಪಿಗೆ ಹೇಳಿರಿ.

ಬಣ್ಣದ ವಿಷಯಕ್ಕೆ ಬಂದರೆ, ಕಿಳಿಮಾನೂರಿನ ರಾಜಾ ರವಿವರ್ಮರನ್ನು ನೆನೆಯಬೇಕು. 1894ರಲ್ಲಿ ಅವರು ಮುಂಬಯಿಯಲ್ಲಿ ಸ್ಥಾಪಿಸಿದ ಮುದ್ರಣಾಲಯದಿಂದ ಲಕ್ಷ್ಮೀ, ಸರಸ್ವತಿಯರ ಚಿತ್ರಗಳು ಮನೆಮನೆಯ ದೇವರ ಕೋಣೆಗೆ ಬಂದವು. ಅಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ಇಂದಿನ ಆಫ್‌ಸೆಟ್ಟಿನಲ್ಲಿ ಸಯಾನ್ ನೀಲಿ, ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿ. ಫೋನಿನದು ಕೆಂಪು, ಹಸಿರು, ನೀಲಿ ಬೆಳಕು. ಬೆಳಕಿನಲ್ಲಿ ಹೊಳೆದ ರೇಷ್ಮೆ ಸೀರೆ ಶಾಯಿಯಲ್ಲಿ ತುಸು ಮಂಕಾಗುವುದು ಸಹಜ.

ರವಿವರ್ಮರ ಅಚ್ಚಿನ ಪಟಗಳು ಎಷ್ಟೋ ಮನೆಗಳಲ್ಲಿ ಮಾಸಿಹೋದುವು. ಆದರೆ ಅವರ ಕೈಯ ಮೂಲಚಿತ್ರಗಳನ್ನು ತಿರುವನಂತಪುರದ ಮ್ಯೂಸಿಯಂ ಆವರಣದಲ್ಲಿ ಇಂದಿಗೂ ನೋಡಬಹುದು. ಮೂಲವಿದ್ದರೆ ನಕಲಿಗೆ ಬಡತನವಿಲ್ಲ. ಊರು ಬಿಟ್ಟು ಬಂದ ನಮ್ಮಲ್ಲಿ ಅನೇಕರಿಗೆ ಅಜ್ಜನ ಗುರುತೆಂದು ಉಳಿದಿರುವುದು ಒಂದೇ ಚಿತ್ರ. ಅದರ ಮೂಲ ಕಡತವನ್ನು ಎರಡು ಕಡೆ ಜೋಪಾನವಾಗಿಡಿರಿ. ನಮಗೆ ಕಳುಹಿಸುವಾಗ ಇ-ಮೇಲಿನಲ್ಲಾಗಲಿ, ವಾಟ್ಸಾಪಿನ ‘ಡಾಕ್ಯುಮೆಂಟ್’ ದಾರಿಯಲ್ಲಾಗಲಿ, ಗಾತ್ರ ಕುಗ್ಗಿಸದೆ ಕಳುಹಿಸಿಕೊಡಬೇಕಾಗಿ ವಿನಂತಿ.