ಆಟಿಸಂ: ಥೆರಪಿ ದಂಧೆಗೆ ಕಡಿವಾಣ ಬೀಳಲಿ

ಮಗುವಿಗೆ ಆಟಿಸಂ ಇದೆ ಎಂದು ವೈದ್ಯರು ಹೇಳಿದ ದಿನದಿಂದಲೇ ಹೆತ್ತವರ ಅಲೆದಾಟ ಶುರುವಾಗುತ್ತದೆ. ಇದು ಮಾತ್ರೆಯಿಂದ ಗುಣವಾಗುವ ಕಾಯಿಲೆಯಲ್ಲ. ಮಾತು, ಆಟ, ವರ್ತನೆಯ ತರಬೇತಿಯೇ ಮಗುವಿಗೆ ಆಸರೆ. ಆ ತರಬೇತಿ ಕೊಡಿಸುವ ಹೊಣೆಯಿಂದ ಸರ್ಕಾರಗಳು ನುಣುಚಿಕೊಂಡಿವೆ. ತೆರವಾದ ಜಾಗಕ್ಕೆ ಯಾರ ಅಂಕೆಗೂ ಸಿಗದ ಥೆರಪಿ ಸೆಂಟರ್‌ಗಳು ನುಗ್ಗಿವೆ. ಬೆಂಗಳೂರಿನ ಬಡಾವಣೆಗಳಲ್ಲಿ ಇವು ಟ್ಯೂಷನ್ ಕ್ಲಾಸುಗಳಂತೆ ಹಬ್ಬಿವೆ.

ಎಲ್ಲವೂ ಕೆಟ್ಟವಲ್ಲ. ಆದರೆ ಹಲವೆಡೆ ನಡೆಯುತ್ತಿರುವುದು ಇಷ್ಟೆ: ಮುಕ್ಕಾಲು ಗಂಟೆಯ ಸೆಷನ್, ಹೊರಗಿನ ಬೆಂಚಿನ ಮೇಲೆ ಅಪ್ಪ ಅಮ್ಮ. ಒಳಗೆ ಮೂರು ವರ್ಷದ ಮಗುವಿಗೆ ‘ಸಿಟ್ ಡೌನ್’, ‘ಲುಕ್ ಅಟ್ ಮಿ’ ಎಂಬ ಅಪ್ಪಣೆ. ಕೇಳಿದರೆ ಚಿಪ್ಸಿನ ಚೂರು, ಕೇಳದಿದ್ದರೆ ಮತ್ತೆ ಅದೇ ಅಪ್ಪಣೆ. ಮನೆಯಲ್ಲೂ ಇಂಗ್ಲಿಷೇ ಆಡಿ, ಎರಡು ಭಾಷೆಯಾದರೆ ಮಗು ಗೊಂದಲಕ್ಕೆ ಬೀಳುತ್ತದೆ ಎಂಬ ಉಪದೇಶ ಬೇರೆ. ಇದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಅಜ್ಜಿಯ ಜತೆ ಮಾತು ಕಲಿಯಬೇಕಾದ ಮಗುವಿಗೆ ಅಜ್ಜಿಗೇ ತಿಳಿಯದ ಭಾಷೆ ಹೇರಿದರೆ ಅದು ಮಾತಾಡುವುದಾದರೂ ಯಾರೊಂದಿಗೆ?

ಹಾಗೆಂದು ಈ ಅಪ್ಪಣೆ, ಬಹುಮಾನಗಳ ಮೂಲವಾದ ವರ್ತನಾ ಚಿಕಿತ್ಸೆಯೇ ತಪ್ಪು ಎನ್ನಲಾಗದು. ಅಮೆರಿಕದ ಮನಶ್ಶಾಸ್ತ್ರಜ್ಞ ಐವರ್ ಲೊವಾಸ್ ವಾರಕ್ಕೆ 40 ಗಂಟೆ ತರಬೇತಿ ನೀಡಿದ 19 ಮಕ್ಕಳಲ್ಲಿ 9 ಮಂದಿ ಇತರ ಮಕ್ಕಳ ಸಮಕ್ಕೆ ಬಂದರೆಂದು 1987ರಲ್ಲಿ ವರದಿ ಮಾಡಿದರು. ಅದರಲ್ಲಿ ಮಕ್ಕಳನ್ನು ಗದರುವುದು, ತೊಡೆಗೆ ಹೊಡೆಯುವುದೂ ಸೇರಿತ್ತು. ಇಂಥ ಕ್ರಮಗಳ ವಿರುದ್ಧ ಆಟಿಸಂ ಇರುವ ವಯಸ್ಕರೇ ದನಿಯೆತ್ತಿದರು. ಮಗುವಿನ ಆಸಕ್ತಿಯ ಬೆನ್ನು ಹಿಡಿದು, ಆಟದ ಮೂಲಕ ಕಲಿಸುವ ವಿಧಾನಗಳು ಈಗ ಬಳಕೆಯಲ್ಲಿವೆ. ನಮ್ಮ ಕೆಲವು ಕೇಂದ್ರಗಳು ಮಾತ್ರ ಆ 40 ಗಂಟೆಯನ್ನೇ ಜಪಿಸುತ್ತಿವೆ. ಬಿಲ್ ಬೆಳೆಯುವುದು ಅದರಿಂದಲೇ ತಾನೆ!

ಕಾನೂನು ಇಲ್ಲವೆಂದಲ್ಲ. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆಯ ಪ್ರಕಾರ ನೋಂದಣಿಯಿಲ್ಲದೆ ಪುನರ್ವಸತಿ ವೃತ್ತಿ ನಡೆಸುವುದು ಅಪರಾಧ. ಶಿಕ್ಷೆ ಒಂದು ವರ್ಷದವರೆಗೆ ಜೈಲು ಅಥವಾ ಗರಿಷ್ಠ 1,000 ರೂಪಾಯಿ ದಂಡ, ಇಲ್ಲವೇ ಎರಡೂ. ಒಂದೇ ಸೆಷನ್‌ಗೆ ಅಷ್ಟು ಹಣ ಕೀಳುವವರು ಈ ದಂಡಕ್ಕೆ ಹೆದರುತ್ತಾರೆಯೇ? ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆ ಸಲ್ಲದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿ 2022ರಲ್ಲೇ ಹೇಳಬೇಕಾಗಿ ಬಂತೆಂದರೆ, ಹೆತ್ತವರ ಹತಾಶೆ ಎಷ್ಟು ದೊಡ್ಡ ಮಾರುಕಟ್ಟೆಯಾಗಿದೆ ಎಂದು ಊಹಿಸಬಹುದು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಮಕ್ಕಳನ್ನು ತಪಾಸಣೆ ಮಾಡಿ, ಜಿಲ್ಲಾ ಆರಂಭಿಕ ಹಸ್ತಕ್ಷೇಪ ಕೇಂದ್ರಕ್ಕೆ ಕಳುಹಿಸಬೇಕು. ಅಲ್ಲಿ ಗುತ್ತಿಗೆಯ ಥೆರಪಿಸ್ಟ್ ಕೆಲಸ ಬಿಟ್ಟರೆ ಮಗುವಿನ ಕಲಿಕೆಯೂ ಅಲ್ಲಿಗೇ ನಿಂತಂತೆ. ಕೊನೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ನ ಸರತಿಯೇ ಗತಿ. ಯಾದಗಿರಿಯ ಕೂಲಿಕಾರ ವಾರಕ್ಕೆ ಮೂರು ಸಲ ಮೈಸೂರಿಗೆ ಹೋಗಿಬರಲು ಸಾಧ್ಯವೇ?

ಪರಿಹಾರ ಕಣ್ಣೆದುರಿಗೇ ಇದೆ. ತಜ್ಞರಲ್ಲದ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಅವರ ಮೂಲಕ ತಂದೆತಾಯಿಗೆ ಕಲಿಸಿದರೂ ಮಕ್ಕಳ ಸಂವಹನ ಸುಧಾರಿಸುತ್ತದೆ ಎಂದು ಗೋವಾ ಮತ್ತು ರಾವಲ್ಪಿಂಡಿಯಲ್ಲಿ 65 ಮಕ್ಕಳ ಮೇಲೆ ನಡೆದ ಅಧ್ಯಯನ 2016ರಲ್ಲಿ ತೋರಿಸಿದೆ. ಇದನ್ನು ತಾಲ್ಲೂಕು ಮಟ್ಟಕ್ಕೆ ತರಲು ಬೇಕಿರುವುದು ಇಚ್ಛಾಶಕ್ತಿ. ಜಿಲ್ಲಾ ಕೇಂದ್ರಗಳಿಗೆ ಕಾಯಂ ಸಿಬ್ಬಂದಿ ನೇಮಿಸಬೇಕು, ಖಾಸಗಿ ಕೇಂದ್ರಗಳ ನೋಂದಣಿ ಮತ್ತು ತಪಾಸಣೆ ಕಡ್ಡಾಯವಾಗಬೇಕು, ದಂಡದ ಮೊತ್ತ ನಾಚಿಕೆ ತರಿಸದಷ್ಟಾದರೂ ಏರಬೇಕು.

ಅಲ್ಲಿಯವರೆಗೆ ಹೆತ್ತವರು ಎರಡು ಪ್ರಶ್ನೆ ಕೇಳಲು ಹಿಂಜರಿಯಬಾರದು: ನಿಮ್ಮ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಎಷ್ಟು? ಸೆಷನ್ ನಡೆಯುವಾಗ ನಾವು ಒಳಗೆ ಕೂರಬಹುದೇ? ನೇರ ಉತ್ತರ ಸಿಗದ ಕಡೆ ಮಗುವನ್ನು ಬಿಟ್ಟು ಬರಬೇಡಿ.