ತಟ್ಟಿದರೆ ಬಿಡಬೇಕು

ಒಂಬತ್ತನೇ ತರಗತಿಯ ‘ಬಲ ಮತ್ತು ಚಲನೆಯ ನಿಯಮಗಳು’ ಘಟಕಕ್ಕೆ ನಾನು ಬರೆದ ಒಂದು ಪಾಠಯೋಜನೆಯ ಬಗ್ಗೆ ಈ ಬರಹ. ಆ ಪಾಠಕ್ಕೆ ಒಳ್ಳೆಯ ಅಂಕ ಬಂತು. ಪಾಠ ಮುಗಿದ ಮೂರನೇ ದಿನ ಅದೇ ತರಗತಿಯ ಹುಡುಗನೊಬ್ಬ ಬಿಸಿಯೂಟದ ಹೊತ್ತಿನಲ್ಲಿ ನಲ್ಲಿಗಳ ಹಿಂದೆ ಪ್ರಜ್ಞೆ ತಪ್ಪಿ ಬಿದ್ದ. ಎರಡಕ್ಕೂ ಸಂಬಂಧವಿಲ್ಲ ಎಂದು ನನ್ನ ಗೆಳತಿಯರು ಸಮಾಧಾನ ಹೇಳಿದರು. ನನಗೆ ಹಾಗೆ ಅನ್ನಿಸುತ್ತಿಲ್ಲ.

ಸಂವೇಗ ಬದಲಾಗಲು ಹೆಚ್ಚು ಸಮಯ ಸಿಕ್ಕಷ್ಟೂ ಬಲ ಕಡಿಮೆಯಾಗುತ್ತದೆ ಎಂಬುದನ್ನು ತಿಳಿಸಲು ಪಠ್ಯಪುಸ್ತಕದಲ್ಲಿ ಕ್ರಿಕೆಟ್ ಉದಾಹರಣೆ ಇದೆ. ಕ್ಯಾಚ್ ಹಿಡಿಯುವವನು ಚೆಂಡಿನ ಜೊತೆಗೇ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ನನಗಿಂತ ಮೊದಲು ಪಾಠ ಮಾಡಿದ ಪ್ರಶಿಕ್ಷಣಾರ್ಥಿಗಳೆಲ್ಲ ಅದನ್ನೇ ಹೇಳಿದ್ದರು. ನಾನು ಬೇರೆ ಏನಾದರೂ ಮಾಡೋಣವೆಂದು, ನನ್ನ ತಮ್ಮ ರಾತ್ರಿಯಿಡೀ ಮೊಬೈಲಿನಲ್ಲಿ ನೋಡುವ ಮಿಶ್ರ ಸಮರಕಲೆಯನ್ನು, ಅಂದರೆ ಎಂಎಂಎಯನ್ನು ಆರಿಸಿಕೊಂಡೆ. ಗುದ್ದು ಬರುವಾಗ ಪಟು ತಲೆಯನ್ನು ಗುದ್ದಿನ ದಿಕ್ಕಿನಲ್ಲೇ ಸರಿಸುತ್ತಾನೆ, ಏಕೆ? ಈ ಪ್ರಶ್ನೆಯೊಂದಿಗೆ ಹತ್ತು ಸೆಕೆಂಡಿನ ತುಣುಕು ತೋರಿಸಿದೆ. ತರಗತಿ ಎದ್ದು ಕುಳಿತಿತು. “ಮಿಸ್, ನೀವೂ ನೋಡ್ತೀರಾ?” ಎಂದು ಕೊನೆಯ ಬೆಂಚಿನಿಂದ ಮೊದಲ ಸಲ ಪ್ರಶ್ನೆ ಬಂತು. ತೊಡಗಿಸುವ ಹಂತ ಪರಿಣಾಮಕಾರಿಯಾಗಿತ್ತು ಎಂದು ಮಾರ್ಗದರ್ಶಕರು ಅವಲೋಕನ ಪುಸ್ತಕದಲ್ಲಿ ಬರೆದರು.

ಮೂರನೇ ದಿನ ನಡೆದದ್ದು ಗುದ್ದಾಟವಲ್ಲ. ಒಬ್ಬ ಹಿಂದಿನಿಂದ ಇನ್ನೊಬ್ಬನ ಕುತ್ತಿಗೆಗೆ ತೋಳು ಬಿಗಿದಿದ್ದ. ಕುತ್ತಿಗೆಯ ಎರಡೂ ಬದಿಯ ರಕ್ತನಾಳ ಒತ್ತಿಹೋದರೆ ಮಿದುಳಿಗೆ ಹೋಗುವ ರಕ್ತ ಕಡಿಮೆಯಾಗಿ ಕೆಲವೇ ಸೆಕೆಂಡುಗಳಲ್ಲಿ ಎಚ್ಚರ ತಪ್ಪುತ್ತದೆ. ದೈಹಿಕ ಶಿಕ್ಷಕರು ಓಡಿಬಂದು ಬಿಡಿಸಿದರು. ಹುಡುಗ ಬೇಗನೆ ಕಣ್ಣು ಬಿಟ್ಟ, ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿದಾಗ ತೊಂದರೆಯೇನೂ ಇಲ್ಲವೆಂದರು. ನನ್ನ ನಿದ್ದೆ ಕೆಡಿಸಿದ್ದು ಆಮೇಲೆ ತಿಳಿದ ಸಂಗತಿ. ಬಿದ್ದ ಹುಡುಗ ಎದುರಾಳಿಯ ತೋಳನ್ನು ತಟ್ಟಿದ್ದ. ಈ ಆಟದಲ್ಲಿ ತಟ್ಟುವುದೆಂದರೆ ಸೋತೆ, ಬಿಡು ಎಂದರ್ಥ, ಅಲ್ಲಿಗೆ ಪಂದ್ಯ ಮುಗಿಯಿತು. ಬಿಗಿದವನನ್ನು ಕೇಳಿದರೆ ಅಳುತ್ತಾ ಹೇಳಿದ: “ಅವ್ನು ಹೊಡೀತಾ ಇದಾನೆ ಅಂದ್ಕೊಂಡೆ ಮಿಸ್.”

ಒಬ್ಬ ಪೂರ್ತಿ ಪಂದ್ಯಗಳನ್ನು ನೋಡಿದವನು. ಇನ್ನೊಬ್ಬ ರೀಲ್ಸ್ ಮಾತ್ರ ನೋಡಿದವನು. ರೀಲ್ಸ್‌ನಲ್ಲಿ ಬಿಗಿದ ಪಟ್ಟು, ಬಿದ್ದ ದೇಹ, ಮೇಲೊಂದು ಹಾಡು ಇರುತ್ತದೆ, ತಟ್ಟುವ ಕೈ ಇರುವುದಿಲ್ಲ. ನನ್ನ ಹತ್ತು ಸೆಕೆಂಡಿನಲ್ಲೂ ಇರಲಿಲ್ಲ.

ಈ ಆಟ ಇಷ್ಟು ಜನಪ್ರಿಯವಾದದ್ದು ಹೇಗೆಂದು ಆಮೇಲೆ ಓದಿದೆ. ಅಮೆರಿಕದ ಡೆನ್ವರ್‌ನಲ್ಲಿ 1993ರ ನವೆಂಬರ್‌ನಲ್ಲಿ ಯುಎಫ್‌ಸಿಯ ಮೊದಲ ಪಂದ್ಯಾವಳಿ ನಡೆದಾಗ ತೂಕದ ವರ್ಗಗಳೇ ಇರಲಿಲ್ಲ. ಕಚ್ಚಬಾರದು, ಕಣ್ಣಿಗೆ ಬೆರಳು ಹಾಕಬಾರದು ಎಂಬುದನ್ನು ಬಿಟ್ಟರೆ ಹೆಚ್ಚಿನ ಕಟ್ಟುಪಾಡೂ ಇರಲಿಲ್ಲ. ಸೆನೆಟರ್ ಜಾನ್ ಮೆಕೇನ್ ಇದನ್ನು ಮನುಷ್ಯರ ಕೋಳಿ ಅಂಕವೆಂದು ಜರಿದರು, ಹಲವು ರಾಜ್ಯಗಳು ನಿಷೇಧಿಸಿದವು. ತೂಕದ ವರ್ಗ, ಐದು ನಿಮಿಷದ ಸುತ್ತು, ತಲೆಯ ಹಿಂಭಾಗಕ್ಕೆ ಹೊಡೆತ ನಿಷಿದ್ಧ, ಪಂದ್ಯ ನಿಲ್ಲಿಸುವ ಅಧಿಕಾರವಿರುವ ರೆಫರಿ, ಇವೆಲ್ಲ ಸೇರಿದ ಏಕರೂಪ ನಿಯಮಾವಳಿ 2000ದ ಹೊತ್ತಿಗೆ ರೂಪುಗೊಂಡ ಮೇಲೆ ಬಾಗಿಲುಗಳು ತೆರೆದವು. 2001ರಲ್ಲಿ 20 ಲಕ್ಷ ಡಾಲರಿಗೆ ಮಾರಾಟವಾದ ಯುಎಫ್‌ಸಿ 2016ರಲ್ಲಿ ಸುಮಾರು 400 ಕೋಟಿ ಡಾಲರಿಗೆ ಕೈ ಬದಲಾಯಿಸಿತು. ನ್ಯೂಯಾರ್ಕ್ ರಾಜ್ಯ ನಿಷೇಧ ತೆಗೆದದ್ದೂ ಅದೇ ವರ್ಷ. ಅಂದರೆ ಈ ಆಟವನ್ನು ಬೆಳೆಸಿದ್ದರಲ್ಲಿ ನಿಯಮಗಳ ಪಾಲು ದೊಡ್ಡದು. ನಮ್ಮ ಮಕ್ಕಳ ಕೈಗೆ ಅದು ತಲುಪುವಾಗ ಮೊದಲು ಕತ್ತರಿಸಿಹೋಗುವುದೂ ನಿಯಮವೇ.

ಭಾರತದಲ್ಲೂ ಇದು ಇನ್ನು ದೂರದ ಆಟವಲ್ಲ. ಉತ್ತರಾಖಂಡದ ಅಂಶುಲ್ ಜುಬ್ಲಿ ಗಣಿತ ಪಾಠ ಹೇಳುತ್ತಿದ್ದವರು, 2023ರಲ್ಲಿ ಯುಎಫ್‌ಸಿ ಒಪ್ಪಂದ ಗೆದ್ದರು (ಬಿಎಸ್ಸಿ ಮಾಡಿದ ನಮ್ಮಂಥವರಿಗೆ ಇನ್ನೊಂದು ದಾರಿಯಿದೆ ಎಂದು ಸಹಪಾಠಿಯೊಬ್ಬ ತಮಾಷೆ ಮಾಡಿದ). ಉತ್ತರ ಪ್ರದೇಶದ ಪೂಜಾ ತೋಮರ್ 2024ರ ಜೂನ್‌ನಲ್ಲಿ ಬ್ರೆಜಿಲ್‌ನ ಸ್ಪರ್ಧಿಯನ್ನು ಸೋಲಿಸಿ ಯುಎಫ್‌ಸಿಯಲ್ಲಿ ಪಂದ್ಯ ಗೆದ್ದ ಮೊದಲ ಭಾರತೀಯ ಮಹಿಳೆಯಾದರು. ಅವರ ಹೆಸರು ನನಗಿಂತ ಮೊದಲೇ ನನ್ನ ತರಗತಿಯ ಹುಡುಗಿಯೊಬ್ಬಳಿಗೆ ಗೊತ್ತಿತ್ತು. ಇದರ ಇನ್ನೊಂದು ಮುಖವನ್ನೂ ಮರೆಯಲಾಗದು. 2022ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಪೆಟ್ಟು ತಿಂದ ಮೈಸೂರಿನ ಯುವಕನೊಬ್ಬ ತೀರಿಕೊಂಡ.

ಘಟನೆಯ ಮರುದಿನ, ಈ ಆಟದ ಮಾತು ಇನ್ನು ತರಗತಿಯಲ್ಲಿ ಬರಕೂಡದು ಎಂದು ಮುಖ್ಯೋಪಾಧ್ಯಾಯರು ಹೇಳಿದರು. ಅವರ ಜಾಗದಲ್ಲಿದ್ದರೆ ನಾನೂ ಮೊದಲ ದಿನ ಅದನ್ನೇ ಹೇಳುತ್ತಿದ್ದೆನೋ ಏನೋ, ಪೋಷಕರಿಗೆ ಉತ್ತರ ಕೊಡಬೇಕಾದವರು ಅವರು. ಆದರೂ ಅದು ತಪ್ಪು ನಿರ್ಧಾರ ಎಂದೇ ನನ್ನ ಅಭಿಪ್ರಾಯ. ನಾವು ಬಾಯಿ ಮುಚ್ಚಿಕೊಂಡರೆ ಮೊಬೈಲ್ ಮುಚ್ಚಿಕೊಳ್ಳುವುದಿಲ್ಲ. ಸಮಗ್ರ ಶಿಕ್ಷಣದಡಿ ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆಯ ತರಬೇತಿ ಇದೆ, ಅಲ್ಲಿ ಕಲಿಸುವವರೊಬ್ಬರು ಎದುರಿಗಿರುತ್ತಾರೆ. ನನ್ನ ಶಾಲೆಯ ಗಂಡುಮಕ್ಕಳಿಗೆ ಹೊಡೆದಾಟ ಕಲಿಸುತ್ತಿದ್ದ ಗುರು ಮೊಬೈಲ್ ಒಂದೇ.

ನನ್ನ ಸೋದರಮಾವ ಮೈಸೂರಿನ ಗರಡಿಗೆ ಹೋಗುತ್ತಿದ್ದರು. ಮಟ್ಟಿಗೆ ಇಳಿದು ಪಟ್ಟು ಹಾಕುವ ಮೊದಲು ಎಷ್ಟೋ ತಿಂಗಳು ಬರೀ ದಂಡ, ಬಸ್ಕಿ, ಮಣ್ಣು ಹದ ಮಾಡುವುದು. ಉಸ್ತಾದರು ಬಿಡು ಎಂದರೆ ಬಿಡಬೇಕು, ಆ ಮಾತಿಗೆ ಎರಡಿಲ್ಲ. ವಿಜಯದಶಮಿಯಂದು ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗ ನೋಡುವವರಿಗೆ ಭೀಕರವೆನಿಸಬಹುದು. ಆದರೆ ಜಟ್ಟಿಯ ತಲೆಯಿಂದ ರಕ್ತ ಕಂಡ ಕ್ಷಣವೇ ಅದು ಮುಗಿಯುತ್ತದೆ. ಯಾವಾಗ ನಿಲ್ಲಿಸಬೇಕೆಂಬುದು ಅಲ್ಲಿ ಆಟದ ಭಾಗವೇ.

ಒಂದು ವಾರ ಬಿಟ್ಟು, ದೈಹಿಕ ಶಿಕ್ಷಕರೂ ಜೊತೆಗಿರುತ್ತಾರೆಂಬ ಷರತ್ತಿನ ಮೇಲೆ ಇನ್ನೊಂದು ಅವಧಿ ಕೇಳಿ ಪಡೆದೆ. ಹತ್ತನೇ ತರಗತಿಯಲ್ಲಿ ಬರುವ ಮಿದುಳಿನ ಪಾಠವನ್ನು ಸ್ವಲ್ಪ ಮುಂಚೆಯೇ ತಂದೆ. ಮುಚ್ಚಿದ ಡಬ್ಬಿಯಲ್ಲಿ ನೀರು, ನೀರಿನಲ್ಲಿ ಮೊಸರಿನ ಗಡ್ಡೆ. ಡಬ್ಬಿಯನ್ನು ಜೋರಾಗಿ ಅಲುಗಿಸಿ ನಿಲ್ಲಿಸಿ ಮುಚ್ಚಳ ತೆಗೆದೆ, ಯಾರೂ ಕೂಗಲಿಲ್ಲ. ತಲೆಬುರುಡೆ ನಿಂತರೂ ಒಳಗಿನದು ತಕ್ಷಣ ನಿಲ್ಲುವುದಿಲ್ಲ ಎಂಬ ಜಡತ್ವದ ಮಾತನ್ನು ಅವರೇ ಹೇಳಿದರು. ಆಮೇಲೆ ದೈಹಿಕ ಶಿಕ್ಷಕರು ಕುಸ್ತಿ ಮತ್ತು ಜೂಡೋದ ನಿಯಮ ವಿವರಿಸಿದರು. ಜೂಡೋದಲ್ಲೂ ತಟ್ಟಿದರೆ ಬಿಡಬೇಕು ಎಂದಾಗ, ಕುತ್ತಿಗೆ ಬಿಗಿದಿದ್ದ ಹುಡುಗ ತಲೆ ತಗ್ಗಿಸಿದ. ಅವನನ್ನು ಎಲ್ಲರೆದುರು ನೋಯಿಸಿದೆನೇ ಎಂಬ ಅಳುಕು ನನಗೆ ಈಗಲೂ ಇದೆ.

ಆ ಅವಧಿ ನನ್ನ ಬೋಧನಾಭ್ಯಾಸದ ಲೆಕ್ಕಕ್ಕೆ ಸೇರಲಿಲ್ಲ, ಅಂಕವೂ ಇಲ್ಲ. ಅದರ ಬಗ್ಗೆ ದೂರಿಲ್ಲ. ಆದರೆ ಅವಲೋಕನ ನಮೂನೆಯಲ್ಲಿ ಉದಾಹರಣೆ ಆಸಕ್ತಿ ಹುಟ್ಟಿಸಿತೇ ಎಂಬ ಕಾಲಂ ಇರುವಂತೆ, ಮಕ್ಕಳು ಅದನ್ನು ಹೊರಗೆ ಹೇಗೆ ಬಳಸಬಹುದೆಂದು ಪ್ರಶಿಕ್ಷಣಾರ್ಥಿ ಯೋಚಿಸಿದ್ದಾರೆಯೇ ಎಂದು ಕೇಳುವ ಒಂದು ಸಾಲೂ ಬೇಕೆಂದು ಮಾರ್ಗದರ್ಶಕರಲ್ಲಿ ಕೇಳಿಕೊಂಡಿದ್ದೇನೆ. ಮುಂದಿನ ಸಭೆಯಲ್ಲಿ ಇಡುವುದಾಗಿ ಹೇಳಿದ್ದಾರೆ.

ನನ್ನ ಎರಡೂ ಪಾಠಯೋಜನೆಗಳು ವಿಜ್ಞಾನ ವಿಭಾಗದ ಕಪಾಟಿನಲ್ಲಿವೆ. ಹಳೆಯ ಯೋಜನೆಗಳನ್ನು ನಾವೆಲ್ಲ ನಕಲು ಮಾಡುವವರೇ, ನಾನೂ ಮಾಡಿದ್ದೇನೆ. ಮುಂದಿನ ತಂಡದವರು ಮಾಡುವುದಾದರೆ ದಯವಿಟ್ಟು ಎರಡನ್ನೂ ಒಟ್ಟಿಗೆ ಮಾಡಿ.