ಊದುಬತ್ತಿ ಹೊಸೆಯುವ ಕೈ, ನಮ್ಮ ಬಿದಿರು ಮೆಳೆ

ಇಪ್ಪತ್ತು ಇಪ್ಪತ್ತೈದು ವರ್ಷದ ಹಿಂದೆ ಮಧ್ಯಾಹ್ನದ ಹೊತ್ತು ಮೈಸೂರಿನ ಮೊಹಲ್ಲಾಗಳ ಗಲ್ಲಿಗೆ ಹೋದರೆ ಎಷ್ಟೋ ಜಗಲಿಗಳಲ್ಲಿ ಒಂದೇ ನೋಟ. ಮುಂದೆ ಗಿಡ್ಡ ಮಣೆ, ಪಕ್ಕದಲ್ಲಿ ಕರಿ ಹಿಟ್ಟಿನ ಮುದ್ದೆ, ಇನ್ನೊಂದು ಕಡೆ ಬಿದಿರು ಕಡ್ಡಿಯ ಕಟ್ಟು. ಹಿಟ್ಟು ಚಿವುಟಿ, ಕಡ್ಡಿಗೆ ಹಚ್ಚಿ, ಮಣೆ ಮೇಲೆ ಅಂಗೈ ಹೊರಳಿಸಿದರೆ ಊದುಬತ್ತಿ. ದಿನಕ್ಕೆ ಕೆಲವು ಸಾವಿರ ಕಡ್ಡಿ, ಕೂಲಿ ಸಾವಿರದ ಲೆಕ್ಕ. ಒಲೆ ಮೇಲೆ ಸಾರು ಕುದೀತಿದ್ರೂ, ತೊಡೆ ಮೇಲೆ ಮಗು ಮಲಗಿದ್ರೂ ಕೆಲಸ ನಿಲ್ಲುತ್ತಿರಲಿಲ್ಲ.

ಮೊನ್ನೆ ಮಾರುಕಟ್ಟೆಗೆ ಬದನೆಕಾಯಿ ಹಾಕಿ ಬರುವಾಗ, ಹಿಂದೆ ತರಕಾರಿ ಕೊಡುತ್ತಿದ್ದ ಮನೆಯೊಂದರ ಮುಂದೆ ನಿಂತೆ. ಮಣೆ ಗೋಡೆಗೆ ಒರಗಿತ್ತು. "ಏನಕ್ಕಾ, ಹೊಸೆಯೋದು ಬಿಟ್ರಾ?" ಅಂದೆ. "ನಾವೆಲ್ಲಿ ಬಿಟ್ವಿ ಕಣಣ್ಣ, ಹಿಟ್ಟು ಕೊಡೋರೇ ಬಿಟ್ರು. ಮಿಷನ್ ಬಂತಲ್ಲ. ಈಗ ಎರಡು ಮನೆ ಪಾತ್ರೆ ತಿಕ್ಕೋಕೆ ಹೋಗ್ತೀನಿ" ಅಂದರು. ಮನೆಯಲ್ಲೇ ಕೂತು ದುಡಿಯುತ್ತಿದ್ದವರು ಈಗ ಬೇರೆಯವರ ಮನೆ ಬಾಗಿಲಿಗೆ ಹೋಗಬೇಕು.

ಇದು ಪೇಟೆಯವರ ಕಷ್ಟ, ನಮಗೇನು ಅನ್ನಬೇಡಿ. ಊದುಬತ್ತಿಯಲ್ಲಿ ಕಾರ್ಖಾನೆಯದ್ದು ಸುವಾಸನೆಯ ಎಣ್ಣೆ, ಪೊಟ್ಟಣ. ಉಳಿದದ್ದರಲ್ಲಿ ಬಹುಪಾಲು ಕಾಡು-ಬೇಣದ್ದೇ. ಕಡ್ಡಿ ಬಿದಿರಿನದು. ಅಂಟು ಬರಿಸುವ ಜಿಗಟು ಪುಡಿ ಗುಳಮಾವಿನ ತೊಗಟೆಯದು. ಹಳೇ ಮಸಾಲೆ ಬತ್ತಿಗೆ ಬೇಕಾದ ಹಾಲ್ಮಡ್ಡಿ, ಪಶ್ಚಿಮ ಘಟ್ಟದ ಮಡ್ಡಿಧೂಪದ ಮರದ ಅಂಟು.

ಕಡ್ಡಿಯ ಕತೆ ಕೇಳಿ

ಕೈಯಲ್ಲಿ ಹೊಸೆಯುವಾಗ ಕತ್ತಿಯಲ್ಲಿ ಸೀಳಿದ ಚೌಕ ಕಡ್ಡಿ ಸಾಕಿತ್ತು. ಸ್ವಲ್ಪ ಸೊಟ್ಟಗಿದ್ದರೂ ಬೆರಳು ಸರಿಮಾಡಿಕೊಳ್ಳುತ್ತಿತ್ತು. ಯಂತ್ರಕ್ಕೆ ಹಾಗಾಗದು. ಅದಕ್ಕೆ ಒಂದೇ ದಪ್ಪದ, ದುಂಡನೆಯ, ನೆಟ್ಟಗಿನ ಕಡ್ಡಿಯೇ ಬೇಕು. ಇಲ್ಲದಿದ್ದರೆ ಸಿಕ್ಕಿಕೊಂಡು ನಿಂತುಬಿಡುತ್ತದೆ. ಅಂಥ ಕಡ್ಡಿ ರಾಶಿ ರಾಶಿ ಬಂದದ್ದು ವಿಯೆಟ್ನಾಂ, ಚೀನಾದಿಂದ. 2011ರಲ್ಲಿ ಆಮದು ಸುಂಕವನ್ನು ಶೇ. 30ರಿಂದ 10ಕ್ಕೆ ಇಳಿಸಿದ ಮೇಲಂತೂ ಇಲ್ಲಿ ಬಿದಿರು ಸೀಳುವವರ ಕತ್ತಿ ಮೂಲೆ ಸೇರಿತು. ಹೊಸೆಯುವ ಕೈ, ಸೀಳುವ ಕೈ, ಬಿದಿರಿನ ಗಿರಾಕಿ ಒಂದರ ಹಿಂದೆ ಒಂದು ಹೋದವು.

ಸರಕಾರ ತಡವಾಗಿ ಎಚ್ಚೆತ್ತಿತು. 2017ರಲ್ಲಿ ಅರಣ್ಯ ಕಾಯಿದೆ ತಿದ್ದಿ, ಅರಣ್ಯದ ಹೊರಗೆ ಬೆಳೆದ ಬಿದಿರನ್ನು 'ಮರ'ದ ಪಟ್ಟಿಯಿಂದ ತೆಗೆದರು. 2019ರ ಆಗಸ್ಟಿನಲ್ಲಿ ಊದುಬತ್ತಿ ಆಮದಿಗೆ ನಿರ್ಬಂಧ ಬಂತು. 2020ರ ಜೂನಿನಲ್ಲಿ ಕಡ್ಡಿಯ ಸುಂಕ ಶೇ. 25 ಆಯಿತು. ಒಳ್ಳೆಯದೇ. ಆದರೆ ಜಗಲಿಯ ಮಣೆ ಇದರಿಂದ ಕೆಳಗಿಳಿಯಲಿಲ್ಲ. ಆಮದು ನಿಂತ ಜಾಗಕ್ಕೆ ಬಂದದ್ದು ಇಲ್ಲಿನ ಯಂತ್ರ.

ನಾವೇನು ಸಾಚಾಗಳೇ?

ಯಂತ್ರವನ್ನು ಬೈಯುವುದು ಸುಲಭ. ನಾನೇ ಎತ್ತು ಮಾರಿ ಬಾಡಿಗೆ ಟಿಲ್ಲರ್ ಹಿಡಿದವನು. ಲಾಳ ಹೊಡೆಯಲು ಬರುತ್ತಿದ್ದವರು ಎರಡು ವರ್ಷ ಬಂದು, ಎತ್ತಿಲ್ಲದ ಕೊಟ್ಟಿಗೆ ನೋಡಿ ಆಮೇಲೆ ಬರಲೇ ಇಲ್ಲ. ಅವರೇನು ಮಾಡುತ್ತಿದ್ದಾರೆ ಅಂತ ನಾನು ವಿಚಾರಿಸಲಿಲ್ಲ. ಅಡಿಕೆ ಸುಲಿಯಲು, ರಾಗಿ ಒಕ್ಕಲು ಯಂತ್ರ ತಂದ ನಾವೆಲ್ಲ 'ಆಳು ಸಿಗೋಲ್ಲ' ಅನ್ನುತ್ತೇವೆ. ನಿಜವೇ. ಆದರೆ ಯಂತ್ರ ಬಂದ ಮೇಲೆ ಇದ್ದ ಒಬ್ಬಿಬ್ಬರೂ ಬೇಡವಾದರು ಅನ್ನೋದೂ ನಿಜ.

ಹಾಗಾಗಿ ಯಂತ್ರ ಬೇಕೋ ಬೇಡವೋ ಅನ್ನುವುದಕ್ಕಿಂತ, ಅದು ಯಾರ ಮನೆಯಲ್ಲಿರಬೇಕು ಅಂತ ಕೇಳೋಣ. 2020ರಲ್ಲಿ ಖಾದಿ ಆಯೋಗ ಒಂದು ಯೋಜನೆ ತಂತು. ಒಂದು ಸ್ವಯಂಚಾಲಿತ ಯಂತ್ರ ದಿನಕ್ಕೆ 80 ಕಿಲೋ ಬತ್ತಿ ಮಾಡಿ ನಾಲ್ವರಿಗೆ ಕೆಲಸ ಕೊಡುತ್ತದೆ ಅನ್ನೋದು ಅವರ ಲೆಕ್ಕ. ಕಿಲೋಗೆ 15 ರೂಪಾಯಿ ಕೂಲಿ ಅಂದರೆ 1,200, ತಲೆಗೆ 300. ಯಂತ್ರದ ಬೆಲೆಗೆ ಶೇ. 25 ಸಹಾಯಧನ, ಉಳಿದದ್ದು ಕಂತಿನಲ್ಲಿ ವಸೂಲಿ. ಈ ದಾರಿ ನನಗೆ ಹಿಡಿಸಿತು. ಹಿಟ್ಟಿನ ಹದ ಬೆರಳಲ್ಲೇ ಬಲ್ಲ ನಾಲ್ಕು ಹೆಂಗಸರ ಸಂಘಕ್ಕೆ ಯಂತ್ರ ಸಿಕ್ಕರೆ ಅದು ಅನ್ನ ಕೊಡುತ್ತದೆ. ದುಡ್ಡಿದ್ದ ಒಬ್ಬನ ಶೆಡ್ಡಿಗೆ ಹೋದರೆ ಒಂದು ಬೀದಿಯ ಕೂಲಿ ಅಲ್ಲಿಗೇ ಹೋಗುತ್ತದೆ. ನಮ್ಮ ಊರಿನ ಸುಲಿಯುವ ಯಂತ್ರಕ್ಕೂ ಇದೇ ಮಾತು.

ಎರಡನೆಯದು, ಕೈ ಹೊಸೆತ ಪೂರ್ತಿ ಸತ್ತಿಲ್ಲ. ಹಾಲ್ಮಡ್ಡಿ, ಜೇನು ಹಾಕಿದ ಮೆತ್ತನೆಯ ಮಸಾಲೆ ಬತ್ತಿಗೆ ಈಗಲೂ ಕೈಯೇ ಬೇಕು. ಮೈಸೂರು ಊದುಬತ್ತಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಅದು ಹೆಸರನ್ನು ಕಾಯಬಹುದು, ಹೊಸೆಯುವವರ ಕೂಲಿಯನ್ನಲ್ಲ. ಪೊಟ್ಟಣದ ಮೇಲೆ 'ಕೈಯಲ್ಲಿ ಹೊಸೆದದ್ದು' ಅಂತಿದ್ದರೆ ಎರಡು ರೂಪಾಯಿ ಹೆಚ್ಚು ಕೊಡೋಣ, ಅದರಲ್ಲಿ ಹೊಸೆದವರಿಗೆಷ್ಟು ಅಂತಲೂ ಅಂಗಡಿಯವರನ್ನು ಕೇಳೋಣ.

ಮೂರನೆಯದು ನಮಗೇ. 'ಊದುಬತ್ತಿಗೆ ಬಿದಿರು ಬೇಕಂತೆ' ಅಂತ ಸಸಿ ತಂದು ನೆಡುವ ಮೊದಲು ಗೆಣ್ಣಿನ ಅಂತರ ವಿಚಾರಿಸಿ. ಎಂಟು-ಒಂಬತ್ತು ಇಂಚಿನ ಕಡ್ಡಿ ಗೆಣ್ಣಿಲ್ಲದೆ ಬರಬೇಕಾದರೆ ಗಳದಲ್ಲಿ ಅದಕ್ಕಿಂತ ಉದ್ದದ ಅಂತರ ಬೇಕು. ಹೆಸರಾದ ಕಡ್ಡಿ ಬಿದಿರು ತ್ರಿಪುರಾ ಕಡೆಯದು. ನಮ್ಮ ಹಳ್ಳದಂಚಿನ ಮೆಳೆಯೆಲ್ಲ ಅದಕ್ಕಾಗದು. ಕೊಳ್ಳುವವರು ಯಾರು, ಎಲ್ಲಿ ಸೀಳುತ್ತಾರೆ ಎಂದು ತಿಳಿಯದೆ ಎಕರೆಗಟ್ಟಲೆ ನೆಡಬೇಡಿ.

ಆ ಅಕ್ಕ ಮಣೆಯನ್ನು ಇನ್ನೂ ಒಲೆಗೆ ಹಾಕಿಲ್ಲ. "ಇರಲಿ ಬಿಡಣ್ಣ, ಯಾವತ್ತಾದ್ರೂ ಬೇಕಾದೀತು" ಅಂದರು. ನಿಮ್ಮೂರಲ್ಲಿ ಯಂತ್ರ ಬಂದ ಮೇಲೆ ಕೆಲಸ ಕಳಕೊಂಡವರು ಈಗ ಏನು ಮಾಡುತ್ತಿದ್ದಾರೆ? ವಿಚಾರಿಸಿ ಪತ್ರಿಕೆಗೆ ಬರೆಯಿರಿ. ನಾನೂ ಲಾಳದವರನ್ನು ಹುಡುಕಿಕೊಂಡು ಹೋಗುವವನಿದ್ದೇನೆ.